ಮಾವನ ಕೊನೆಯ ಈಡು

ಈ ವರ್ಷ ಜಿಂಕೆ ಹೊಡೆದೇ ಸಿದ್ಧ ಎಂದು ಡೆಲ್ಬರ್ಟ್ ಅಡುಗೆಮನೆಯ ನಡುವೆ ನಿಂತು ಶಪಥ ಮಾಡಿದಾಗ ಆರ್ಲೀನ್ ಮೊಟ್ಟೆ ಹುರಿಯುತ್ತಿದ್ದಳು. ತಿರುಗಿಯೂ ನೋಡಲಿಲ್ಲ. ಪೆನ್ಸಿಲ್ವೇನಿಯಾದ ಆ ಕಣಿವೆಯಲ್ಲಿ ಗಂಡನ ಶಪಥಗಳು ಅಕ್ಟೋಬರ್ ತಿಂಗಳ ಎಲೆಗಳ ಜೊತೆಗೇ ಕೆಂಪಾಗಿ ಜೊತೆಗೇ ಉದುರುತ್ತವೆ ಎಂಬುದು ಆಕೆಗೆ ಹಳೆಯ ಅನುಭವ.

"ಯಾವ ಕೋವೀಲಿ ಹೊಡೀತೀರಿ?"

ಡೆಲ್ಬರ್ಟ್ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ ಪೆಟ್ಟಿಗೆಯನ್ನು ಮುಂದಕ್ಕೆ ತಂದ. ಆಳುದ್ದದ ಆ ಪೆಟ್ಟಿಗೆ ಅಡಗಿದೆ ಎಂದು ನಂಬಿದ್ದವನು ಅವನೊಬ್ಬನೇ.

"ಇನ್‌ಲೈನ್ ಕೋವಿ ಕಣೆ. ಇದಕ್ಕೂ ಮದ್ದು, ಗುಂಡು ಬಾಯಿಂದಲೇ ತುಂಬ್ಬೇಕು. ಆದ್ರೆ ಕಿಡಿ ನೆಟ್ಟಗೆ ಮದ್ದಿನ ಬೆನ್ನಿಗೇ ಬೀಳುತ್ತೆ. ಮಳೆ ಬಂದ್ರೂ ಹಾರುತ್ತೆ, ಹಿಮ ಬಿದ್ರೂ ಹಾರುತ್ತೆ. ಮೇಲೊಂದು ದುರ್ಬೀನು ಬೇರೆ."

"ಮತ್ತೆ ಅಪ್ಪನ ಕೋವಿ?"

ಇಬ್ಬರ ಕಣ್ಣೂ ಹಿತ್ತಲ ಬಾಗಿಲ ಮೇಲಕ್ಕೆ ಹೋಯಿತು. ಅಲ್ಲಿ ಎರಡು ಮರದ ಗೂಟಗಳ ಮೇಲೆ ಆರ್ಲೀನಳ ಅಪ್ಪ ಹೈರಮ್‌ನ ಚಕಮಕಿ ಕೋವಿ ಮಲಗಿತ್ತು.

"ಅದಾ? ಕಲ್ಲು ಕಚ್ಚಿರೋ ಕುದುರೆ ಬಿದ್ದು, ಕಲ್ಲು ಉಜ್ಜಿ, ಕಿಡಿ ಹಾರಿ, ಪಕ್ಕದ ಬಟ್ಟಲಲ್ಲಿರೋ ಮದ್ದು ಹೊತ್ತಿ, ಆ ಬೆಂಕಿ ತೂತಿನೊಳಗೆ ನುಗ್ಗಿ ಒಳಗಿನ ಮದ್ದಿಗೆ ತಗಲೋ ಹೊತ್ತಿಗೆ ಜಿಂಕೆ ಮನೆಗೆ ಹೋಗಿ ಉಂಡು ಮಲಗಿರುತ್ತೆ."

"ಅಪ್ಪ ಹೋದ್ಮೇಲೆ ನೀವು ಅದನ್ನ ಮುಟ್ಟೇ ಇಲ್ಲ."

"ಮುಟ್ಟೋಕೆ ಅದರಲ್ಲಿ ಏನಿದೆ?" ಎಂದವನೇ ಡೆಲ್ಬರ್ಟ್ ಮೊಟ್ಟೆಯ ಕಡೆ ಇದ್ದಕ್ಕಿದ್ದಂತೆ ಬಹಳ ಆಸಕ್ತಿ ತೋರಿಸಿದ.

ಅದರಲ್ಲಿ ಏನಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದರಲ್ಲಿ ಒಂದು ಈಡು ಇತ್ತು. ಮಾವ ತನ್ನ ಕೈಯಾರೆ ತುಂಬಿದ್ದು.

ಕ್ರಿಸ್‌ಮಸ್ ಮುಗಿದ ಮಾರನೆಯ ದಿನದಿಂದ ಆ ಗುಡ್ಡಗಳಲ್ಲಿ ಚಕಮಕಿ ಕೋವಿಯವರದೇ ಕಾಲ. ಬೇರೆ ಯಾವ ಬಂದೂಕಿಗೂ ಆಗ ಅಪ್ಪಣೆಯಿಲ್ಲ. ಪ್ರತಿವರ್ಷ ಆ ಬೆಳಿಗ್ಗೆ ಹೈರಮ್ ಕಾಫಿ ಫ್ಲಾಸ್ಕು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತು "ಅಳಿಯಾ, ಎದ್ದಿದೀಯೋ, ಇಲ್ಲ ಹೆಂಡ್ತಿ ಕೈಲಿ ಎಬ್ಬಿಸ್ಲೋ?" ಎಂದು ಕೂಗುತ್ತಿದ್ದ. ಹೊಸ ಅಳಿಯನಾಗಿದ್ದಾಗ ಒಮ್ಮೆ ಡೆಲ್ಬರ್ಟ್ ಗಡಿಬಿಡಿಯಲ್ಲಿ ಮದ್ದನ್ನೇ ಹಾಕದೆ ಬರೀ ಗುಂಡನ್ನು ನಳಿಗೆಯ ತಳದವರೆಗೆ ಜಡಿದುಬಿಟ್ಟಿದ್ದ. ಆ ಗುಂಡನ್ನು ತಿರುಪು ಹಾಕಿ ಕೀಳಲು ಮಾವನ ಅರ್ಧ ದಿನ ಹೋಗಿತ್ತು. "ಒಲೆ ಹಚ್ಚದೆ ಎಸರಿಟ್ಟಿದೀಯಲ್ಲೋ ಅಳಿಯಾ" ಎಂದಿದ್ದ ಹೈರಮ್. ಆಮೇಲೆ ಆ ಮಾತನ್ನು ಮದುವೆಗಳಲ್ಲಿ ಹೇಳಿದ, ಈಸ್ಟರ್ ಊಟದಲ್ಲಿ ಹೇಳಿದ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡೇ ಹೇಳಿದ. ಆಗೆಲ್ಲ ಡೆಲ್ಬರ್ಟ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಆ ಮಾತನ್ನು ಇನ್ನೊಂದೇ ಒಂದು ಸಲ ಕೇಳುವುದಕ್ಕೆ ದುರ್ಬೀನು ಸಮೇತ ಹೊಸ ಕೋವಿಯನ್ನು ಧಾರೆಯೆರೆದು ಕೊಡುತ್ತಿದ್ದ.

ಕೊನೆಯ ಸಲ ಇಬ್ಬರೂ ಗುಡ್ಡ ಹತ್ತಿದಾಗ ಕೊಂಬಿನ ಜಿಂಕೆಯೊಂದು ಎದುರಿಗೇ ಬಂದು ನಿಂತಿತ್ತು. ಹೈರಮ್ ಗುರಿಯಿಟ್ಟು ಒತ್ತಿದ. ಬಟ್ಟಲಿನ ಮದ್ದು 'ಪುಸ್' ಎಂದು ಉರಿಯಿತು, ಗುಂಡು ಹಾರಲಿಲ್ಲ, ಜಿಂಕೆ ಮಾಯ. ಬಟ್ಟಲಿಗೆ ಮತ್ತೆ ಮದ್ದು ಹಾಕೋಣ ಎಂದು ಡೆಲ್ಬರ್ಟ್ ಮುಂದಾದರೆ ಮಾವ ಕೋವಿಯನ್ನೇ ಆಚೆ ತಿರುಗಿಸಿಕೊಂಡ. "ಬೇಡ ಬಿಡು. ಅಷ್ಟು ಚಂದದ ಪ್ರಾಣಿ. ನಂಗೇ ಮನಸ್ಸು ಬರ್ಲಿಲ್ಲ. ಈ ಈಡು ಹಿಂಗೇ ಇರ್ಲಿ. ಮುಂದಿನ ವರ್ಷ ಮೊದಲನೇ ದಿನ ನೀನೇ ಹಾರಿಸು."

ಮುಂದಿನ ವರ್ಷಕ್ಕೆ ಮಾವ ಇರಲಿಲ್ಲ. ಅಂತ್ಯಕ್ರಿಯೆಯಲ್ಲಿ ಡೆಲ್ಬರ್ಟ್ ಈ ಪ್ರಸಂಗವನ್ನು ಹೇಳಿ, ತಾನೂ ಅತ್ತು, ಚರ್ಚಿನ ಪಾದ್ರಿಯನ್ನೂ ಅಳಿಸಿದ್ದ. ಆದರೆ ಈಡು ಹಾರಿಸಲು ಕೈ ಬರಲಿಲ್ಲ. ಹಾರಿಸಿಬಿಟ್ಟರೆ ಮಾವ ಹೇಳಿಹೋದ ಕೆಲಸ ಮುಗಿದುಹೋಗುತ್ತದೆ. ಮುಗಿದರೆ ಮಾವನೂ ಮುಗಿದ ಹಾಗೆ. ಅದಕ್ಕೇ ಅವನು ಚಕಮಕಿ ಕೋವಿಯನ್ನು ಬಾಯಿತುಂಬ ಬೈದು ಇನ್‌ಲೈನ್ ಕೊಂಡದ್ದು. ಅದಕ್ಕಾದರೆ ಅಕ್ಟೋಬರಿನಲ್ಲೊಂದು ವಾರ ಅವಕಾಶವಿತ್ತು.

ಆ ವಾರ ಹೋದ. ಒಬ್ಬನೇ ಹೋದ. ಒಂದು ಹೆಣ್ಣು ಜಿಂಕೆ ಸಿಕ್ಕಿತು, ಹೊಡೆದ, ಗುರಿ ತಪ್ಪಿತು.

"ಮಳೆ ಬಂತಾ?" ಎಂದು ಕೇಳಿದಳು ಆರ್ಲೀನ್.

"ಇಲ್ಲ."

"ಕಲ್ಲು ಸವೆದಿತ್ತಾ?"

"ಅದಕ್ಕೆ ಕಲ್ಲೇ ಇಲ್ಲ."

"ತೂತು ಕಟ್ಟಿತ್ತಾ?"

"ಆರ್ಲೀನ್, ಕೋವಿ ಕ್ಷಣ ತಡೀದೆ ಹಾರ್ತು. ದುರ್ಬೀನು ಸರಿಯಾಗೇ ತೋರಿಸ್ತು. ಎಲ್ಲಾ ಸರಿ ಇತ್ತು."

"ಹಾಗಾದ್ರೆ ಸರಿ ಇಲ್ಲದ್ದು ಯಾವುದು ಅಂತ ಗೊತ್ತಾಯ್ತಲ್ಲ" ಎಂದು ಆಕೆ ಸೂಪು ಬಡಿಸಿದಳು.

ಚಕಮಕಿಯಲ್ಲಿ ಗುರಿ ತಪ್ಪಿದರೆ ಮಳೆ, ಗಾಳಿ, ಕಲ್ಲು, ಮದ್ದು ಎಂದು ನೂರು ನೆಪ ಹೇಳಬಹುದಿತ್ತು. ನೂರನ್ನೂ ಕೇಳಿಸಿಕೊಂಡು ಹೊಟ್ಟೆ ಹಿಡಿದು ನಗುವುದಕ್ಕೆ ಮಾವ ಇದ್ದ. ಹೊಸ ಕೋವಿ ನೆಪಗಳನ್ನೆಲ್ಲ ಕಿತ್ತುಕೊಂಡಿತು. ಮಾವನಿಲ್ಲದೆ ಗುರಿ ತಪ್ಪುವುದರಲ್ಲೂ ಸುಖ ಉಳಿದಿರಲಿಲ್ಲ.

ಕ್ರಿಸ್‌ಮಸ್ ಮುಗಿದ ಮಾರನೆಯ ಬೆಳಿಗ್ಗೆ ಅವನು ಯಾರೂ ಕರೆಯದೆ ಎದ್ದ. ಹಿತ್ತಲ ಬಾಗಿಲು ತೆರೆದು ನೋಡಿದ. ಹಿಮದ ಮೇಲೆ ಹೆಜ್ಜೆ ಗುರುತಿರಲಿಲ್ಲ. ಸ್ಟೂಲು ಹತ್ತಿ ಹಳೆಯ ಕೋವಿ ಇಳಿಸಿದ.

"ಹಾರಿಸ್ತೀನಿ" ಎಂದ.

"ಅಷ್ಟು ಹಳೇ ಈಡು. ನಳಿಗೆ ಸಿಡಿದ್ರೆ?"

"ಮಾವ ತುಂಬಿದ ಈಡು ಸಿಡಿಯೋದಿಲ್ಲ. ಅವರ ಕೈ ಅಂದ್ರೆ ಏನಂದ್ಕೊಂಡಿದೀಯಾ?"

ಹಿತ್ತಲಿನ ಮಣ್ಣದಿಬ್ಬದ ಎದುರು ಭಾರಿ ಸಮಾರಂಭವೇ ನಡೆಯಿತು. ಡೆಲ್ಬರ್ಟ್ ಟೋಪಿ ತೆಗೆದ, ಆಕಾಶ ನೋಡಿದ, ಬಟ್ಟಲಿಗೆ ಚಿಟಿಕೆ ಮದ್ದು ಹಾಕಿದ, ತುಂಬಿದ ಕಣ್ಣಿನಿಂದಲೇ ಗುರಿಯಿಟ್ಟು ಒತ್ತಿದ. ಪುಸ್! ಕಣ್ಣೊರೆಸಿಕೊಂಡು, ಬಟ್ಟಲಿಗೆ ಮತ್ತೆ ಮದ್ದು ಹಾಕಿ ಒತ್ತಿದ. ಪುಸ್! ಮೂರನೆಯ ಸಲ ಎಡಹುಬ್ಬು ಸುಟ್ಟಿತು. ಹೊಸ ಕಲ್ಲು ಕಟ್ಟಿದ, ತೂತಿಗೆ ಸೂಜಿ ಚುಚ್ಚಿದ, ಬೈದ, ಬೇಡಿಕೊಂಡ. ಹುಬ್ಬು ಸುಟ್ಟ ವಾಸನೆ ಬಿಟ್ಟರೆ ಬೇರೇನೂ ಹೊರಬರಲಿಲ್ಲ.

ಆರ್ಲೀನ್ ಬಂದು ಕೋವಿಯನ್ನು ಕೈಯಿಂದ ತೆಗೆದುಕೊಂಡಳು. "ಸಾಕು. ತಿರುಪು ಹಾಕಿ ಕೀಳಿ."

"ಮಾವನ ಕೊನೇ ಈಡನ್ನ ಹುಳುಕು ಹಲ್ಲಿನ ಹಾಗೆ ಕೀಳೋದಾ? ನಿಂಗೆ ಕರುಳಿಲ್ವಾ?"

"ಅವರು ನಿಮಗೆ ಮಾವ, ನನಗೆ ಅಪ್ಪ. ಕೀಳಿ."

ಒಳಗಿನ ಮದ್ದು ಹೊತ್ತದಿರಲೆಂದು ಆರ್ಲೀನ್ ಮೊದಲು ತೂತಿನ ಮೂಲಕ ಪಿಚಕಾರಿಯಲ್ಲಿ ನೀರು ಬಿಟ್ಟಳು. ಡೆಲ್ಬರ್ಟ್ ಗುಂಡು ಜಡಿಯುವ ಗಜದ ತುದಿಗೆ ತಿರುಪು ಕೂರಿಸಿ ಸೀಸದ ಗುಂಡಿಗೆ ಕೊರೆದು ಎಳೆದ. ಬರಲಿಲ್ಲ. ಆಕೆ ಅಡುಗೆಮನೆಯ ನೆಲದಲ್ಲಿ ಕೂತು ಕೋವಿಯ ಹಿಡಿಯನ್ನು ಅಪ್ಪಿಕೊಂಡು ಕಾಲನ್ನು ಒಲೆಗೆ ಒತ್ತಿದಳು. ಇವನು ಗಜಕ್ಕೆ ಟವೆಲು ಸುತ್ತಿ ಹಗ್ಗ ಜಗ್ಗಿದಂತೆ ಜಗ್ಗಿದ.

"ಎಳೀರಿ!"

"ಎಳೀತಾನೇ ಇದೀನಿ! ನೀನು ನನ್ನ ಜೊತೆಗೇ ಬರ್ತಾ ಇದೀಯ!"

ಗುಂಡು ಯಾವ ಮುನ್ಸೂಚನೆಯನ್ನೂ ಕೊಡದೆ ಒಮ್ಮೆಲೇ ಬಂದಿತು. ಡೆಲ್ಬರ್ಟ್ ಹಿಂದಕ್ಕೆ ಹಾರಿ, ಹೊಸ ವರ್ಷದ ಹಂದಿಮಾಂಸದ ಜೊತೆ ಬೇಯಿಸಲೆಂದು ವಾರಗಟ್ಟಲೆ ಹುಳಿಯಿಟ್ಟಿದ್ದ ಎಲೆಕೋಸಿನ ಭರಣಿಯೊಳಗೆ ಕುಳಿತ. ಭರಣಿ ಬಿರಿಯಿತು. ಮನೆ ತುಂಬ ಹುಳಿ ನಾತ. ಕುಂಡೆಯ ಕೆಳಗೆ ತಣ್ಣಗೆ ನೀರು ಹರಿಯುತ್ತಿದ್ದರೂ ಅವನು ಗಜವನ್ನು ಮಾತ್ರ ಎತ್ತಿ ಹಿಡಿದಿದ್ದ. ತುದಿಯಲ್ಲಿ ಗುಂಡು.

ಆರ್ಲೀನ್ ಎಲೆಕೋಸಿನ ಕಡೆ ನೋಡಲಿಲ್ಲ. ಕೋವಿಯನ್ನು ಬಗ್ಗಿಸಿ ನೋಡುತ್ತಿದ್ದಳು. ನಳಿಗೆಯ ಬಾಯಿಂದ ನೀರು ಸುರಿಯಿತು. ಮದ್ದಿದ್ದಿದ್ದರೆ ಅದು ಮಸಿ ಕಲಸಿದಂತೆ ಬರಬೇಕಿತ್ತು. ಬಂದದ್ದು ತಿಳಿನೀರು.

"ರೀ."

"ಏನು?"

"ಇದರೊಳಗೆ ಮದ್ದೇ ಇರ್ಲಿಲ್ಲ."

ಡೆಲ್ಬರ್ಟ್ ಭರಣಿಯ ಚೂರುಗಳ ನಡುವೆಯೇ ಆ ಕೊನೆಯ ದಿನವನ್ನು ಮತ್ತೆ ನೆನೆದ. ಕೋವಿಯನ್ನು ಆಚೆ ತಿರುಗಿಸಿಕೊಂಡ ಮಾವ. ಕೆಂಪಾಗಿದ್ದ ಮಾವನ ಕಿವಿ. ಅದು ಚಳಿಗೆ ಎಂದುಕೊಂಡಿದ್ದ. "ಅಷ್ಟು ಚಂದದ ಪ್ರಾಣಿ"ಯಂತೆ!

"ಕಳ್ಳ ಮುದುಕ" ಎಂದ.

ಆರ್ಲೀನ್ ನಕ್ಕಳು. ಡೆಲ್ಬರ್ಟ್ ನಕ್ಕ. ಇಬ್ಬರೂ ಹುಳಿ ಎಲೆಕೋಸಿನ ನಡುವೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಆರ್ಲೀನಳ ಕಣ್ಣೀರು ನಿಂತಿತು, ಅವನದು ನಿಲ್ಲಲಿಲ್ಲ.

"ಅವತ್ತೇ ಗೊತ್ತಾಗಿದ್ರೆ ಎಷ್ಟು ಅನ್ಬಹುದಿತ್ತು ಕಣೆ. ಇಷ್ಟು ವರ್ಷ ಅವರ ಬಾಯಿಗೆ ಸಿಕ್ಕಿಕೊಂಡಿದ್ದೆ. ನಂಗೂ ಒಂದು ಮಾತು ಸಿಕ್ತು ಅನ್ನೋ ಹೊತ್ತಿಗೆ ಅನ್ನಿಸಿಕೊಳ್ಳೋರೇ ಇಲ್ಲ."

"ಈಗ ಅನ್ನಿ. ಬಾಗಿಲು ಅಲ್ಲೇ ಇದೆಯಲ್ಲ."

ಅವನು ಎದ್ದ. ಪ್ಯಾಂಟು ಬದಲಿಸಿ ಬಂದ. ನಳಿಗೆಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಇವತ್ತು ಗುಡ್ಡಕ್ಕೆ ಇದೇ ಕೋವಿ ಎಂದು ಸಾರಿದ. ಹಿತ್ತಲ ಬಾಗಿಲ ಕಡೆ ತಿರುಗಿ, ಈಡು ತುಂಬುತ್ತಲೇ ಭಾಷಣ ತೆಗೆದ.

"ಮಾವ, ನೀವು ಮಹಾ ಬೇಟೆಗಾರರು! ಅಳಿಯನ್ನ ಊರೆಲ್ಲ ಆಡಿಕೊಂಡ್ರಿ. ಪಾದ್ರಿಗಳನ್ನ ಅಳಿಸಿದ್ರಿ. ಈಗ ನೋಡಿ, ಕೋವಿ ತುಂಬೋದು ಹೇಗೆ ಅಂತ ನಾನು ತೋರಿಸಿಕೊಡ್ತೀನಿ. ಹೀಗೆ ಬಟ್ಟೆತುಂಡು ಇಡ್ಬೇಕು, ಹೀಗೆ ಗುಂಡು ಇಡ್ಬೇಕು, ಹೀಗೆ ಗಜ ಹಿಡಿದು ತಳಮುಟ್ಟ ಜಡೀಬೇಕು..."

ಗಜ ತಳ ಮುಟ್ಟಿತು. ಡೆಲ್ಬರ್ಟ್ ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದ. ಆರ್ಲೀನ್ ಮೇಜಿನ ಕಡೆ ನೋಡುತ್ತಿದ್ದಳು. ಮೇಜಿನ ಮೇಲೆ ಮದ್ದು ತುಂಬಿಟ್ಟಿದ್ದ ಕೊಂಬು ಇತ್ತು. ಅದರ ಬಿರಡೆ ಇನ್ನೂ ತೆಗೆದಿರಲಿಲ್ಲ.

ಆಕೆ ಮತ್ತೆ ನೆಲದಲ್ಲಿ ಕೂತು, ಕೋವಿಯ ಹಿಡಿಯನ್ನು ಅಪ್ಪಿಕೊಂಡು, ಕಾಲನ್ನು ಒಲೆಗೆ ಒತ್ತಿದಳು. ಆಮೇಲೆ ಹೈರಮ್‌ನ ಮೂಗಿನ ಧ್ವನಿಯನ್ನೇ ತಂದುಕೊಂಡು ಹೇಳಿದಳು.

"ಒಲೆ ಹಚ್ಚದೆ ಎಸರಿಟ್ಟಿದೀಯಲ್ಲೋ ಅಳಿಯಾ."

ಡೆಲ್ಬರ್ಟ್ ತಿರುಪು ಕೂರಿಸುತ್ತಿದ್ದ ಕೈಯನ್ನು ನಿಲ್ಲಿಸಿ, ಹಿತ್ತಲ ಬಾಗಿಲನ್ನೇ ನೋಡುತ್ತ, "ಇನ್ನೊಂದ್ಸಲ ಅನ್ನು" ಎಂದ.