ಗುಂಡಿ ಒತ್ತಬೇಡಿ

ಇಪ್ಪತ್ತೆರಡು ವರ್ಷಗಳಿಂದ ನಾನು ಲಿಫ್ಟ್ ಇನ್ಸ್‌ಪೆಕ್ಟರ್. ಈ ಊರಿನ ಜನ ಹತ್ತನೇ ಮಹಡಿಗೆ ಹೋಗಿ ಮತ್ತೆ ಜೀವಸಹಿತ ಕೆಳಗಿಳಿಯುತ್ತಾರೆಂದರೆ ಅದಕ್ಕೆ ಕಾರಣ ನಾನು. ಹೀಗಿದ್ದೂ ಇಷ್ಟು ವರ್ಷದಲ್ಲಿ ಒಂದೇ ಒಂದು ನರಪ್ರಾಣಿಯೂ ನನ್ನನ್ನು ನಿಲ್ಲಿಸಿ, "ಸ್ವಾಮೀ, ಲಿಫ್ಟುಗಳ ಯೋಗಕ್ಷೇಮ ಹೇಗಿದೆ?" ಎಂದು ಕೇಳಿದ್ದಿಲ್ಲ. ಲಿಫ್ಟಿನೊಳಗೆ ಅಂಟಿಸಿದ ಪ್ರಮಾಣಪತ್ರದ ಕೆಳಗೆ ನನ್ನ ಸಹಿ ಇರುತ್ತದೆ. ಅದನ್ನು ಓದುವವರು ಒಳಗೆ ಸಿಕ್ಕಿಹಾಕಿಕೊಂಡವರು ಮಾತ್ರ. ಓದಿ ಅವರು ಏನನ್ನುತ್ತಾರೆ ಎಂಬುದು ಇಲ್ಲಿ ಬೇಡ.

ಅಂಥ ನನ್ನನ್ನು ಟಿವಿಯವರು ಕರೆದರು! ಊರಿನ ಕೇಬಲ್ ಚಾನೆಲ್ಲು. ಮಂಗಳವಾರ ಸಂಜೆ ನಾಲ್ಕಕ್ಕೆ ಹದಿನೈದು ನಿಮಿಷದ ಕಾರ್ಯಕ್ರಮ, ವಿಷಯ 'ಲಿಫ್ಟಿನಲ್ಲಿ ಸಿಕ್ಕಿಕೊಂಡಾಗ ಏನು ಮಾಡಬೇಕು'. ಚಿತ್ರೀಕರಣದ ದಿನ ಕನ್ನಡಕ ಹೊಳೆಯುತ್ತದೆಂದು ಅದನ್ನು ತೆಗೆಸಿದರು. ತಲೆ ಹೊಳೆಯುತ್ತದೆಂದು (ಅದನ್ನು ತೆಗೆಸಲಾಗದೆ) ಕಪ್ಪು ಪುಡಿ ಮೆತ್ತಿದರು. ಯಾರದೋ ನೀಲಿ ಕೋಟು ತೊಡಿಸಿದರು. ಮುಖಕ್ಕೆ ಬಳಿದ ಪೌಡರಿನಲ್ಲಿ ಒಂದು ಕೋಣೆಗೆ ಸುಣ್ಣ ಹೊಡೆಯಬಹುದಿತ್ತು. "ಕಾರ್ಯಕ್ರಮ ಒಂದೇ ಸಲ ಹಾಕೋದು ಸಾರ್, ಆಮೇಲೆ ರೆಕಾರ್ಡಿಂಗ್ ಅಳಿಸಿಬಿಡ್ತೀವಿ" ಎಂದರು. ಒಂದು ಸಲ ಸಾಕು ಎಂದು ನಾನೂ ಹಿಗ್ಗಿಕೊಂಡೇ ಮನೆಗೆ ಬಂದೆ.

ಊಟದ ಹೊತ್ತಿಗೆ ವಿಷಯ ಬಹಿರಂಗಪಡಿಸಿದೆ. ನನ್ನ ಹೆಂಡತಿ ಮತ್ತು ಅವಳ ತಾಯಿ ಮುಖ ಮುಖ ನೋಡಿಕೊಂಡರು.

"ಮಂಗಳವಾರ ನಾಲ್ಕಕ್ಕೆ ಆಗಲ್ಲ ಕಣ್ರೀ" ಎಂದಳು ಹೆಂಡತಿ. "ಅವಳು ಗಂಡನ್ನ ಗುರುತು ಹಿಡಿಯೋದೇ ಆವತ್ತು."

ಅವಳು ಎಂದರೆ ಧಾರಾವಾಹಿಯ ನಾಯಕಿ. ಹನ್ನೆರಡನೇ ಸಂಚಿಕೆಯಲ್ಲಿ ಮೆಟ್ಟಿಲಿನಿಂದ ಬಿದ್ದು (ಲಿಫ್ಟಿದ್ದರೆ ಬೀಳುತ್ತಿರಲಿಲ್ಲ) ನೆನಪು ಕಳೆದುಕೊಂಡವಳು. ಅಂದಿನಿಂದ ನಾನೂರು ಸಂಚಿಕೆ ಅವಳ ಗಂಡ ಅವಳದೇ ಮನೆಯಲ್ಲಿ ತೋಟದ ಮಾಲಿಯಾಗಿ ಅಳುತ್ತಾ ಗಿಡಗಳಿಗೆ ನೀರು ಹಾಕುತ್ತಿದ್ದಾನೆ. ಅಷ್ಟು ಅಳುವವನಿಗೆ ಬೇರೆ ನೀರೇಕೆ ಬೇಕು ಎಂದು ನಾನು ಒಮ್ಮೆ ಕೇಳಿ, ಎರಡು ದಿನ ಹೆಂಡತಿಯ ಮಾತು ಕಳೆದುಕೊಂಡಿದ್ದೆ.

"ನಿನ್ನ ಸ್ವಂತ ಗಂಡ ಟಿವಿಯಲ್ಲಿ ಬರ್ತಿದಾನೆ ಕಣೇ!"

"ನಿಮ್ಮ ಮುಖ ದಿನಾ ನೋಡ್ತೀವಲ್ರೀ. ಅವಳಿಗೆ ನೆನಪು ಬರೋದು ಒಂದೇ ಸಲ."

"ಲಿಫ್ಟು ಹತ್ತೋದು, ಇಳಿಯೋದು, ಅದರಲ್ಲಿ ನೋಡೋದಕ್ಕೆ ಏನಿದೆ ಅಂತ ಕೇಳಮ್ಮ ಅಳಿಯಂದಿರನ್ನ" ಎಂದರು ಅತ್ತೆ. ಒಂದೇ ಮೇಜಿನ ಎದುರು ಬದುರು ಕುಳಿತಿದ್ದರೂ ಅವರು ನನ್ನೊಂದಿಗೆ ಮಾತಾಡುವುದು ಮಗಳ ಮೂಲಕವೇ.

ಕೊನೆಗೆ ಹೆಂಡತಿಗೇ ಕನಿಕರ ಹುಟ್ಟಿತು. "ಆಯ್ತು ಬಿಡಿ, ನಡುನಡುವೆ ಜಾಹೀರಾತು ಬಂದಾಗ ನಿಮ್ಮನ್ನ ಹಾಕಿ ನೋಡ್ತೀನಿ."

ಜಾಹೀರಾತಿನ ಹೊತ್ತಿನಲ್ಲಿ! ಸೋಪಿಗೂ ಹಲ್ಲುಪುಡಿಗೂ ಬದಲಿಯಾಗಿ ನಾನು! ನನಗೆ ಅನ್ನ ಸೇರಲಿಲ್ಲ. (ಎರಡನೇ ಸಲ ಬಡಿಸಿದ್ದು ಮಾತ್ರ ಸೇರಲಿಲ್ಲ.) ಮನೆಯವರು ನೋಡದಿದ್ದರೆ ಕತ್ತೆ ಬಾಲ, ಇಡೀ ಆಫೀಸಿಗೇ ತೋರಿಸುತ್ತೇನೆ ಎಂದು ನಿಶ್ಚಯಿಸಿದೆ.

ಆದರೆ ಆಫೀಸಿನಲ್ಲಿ ಟಿವಿ ಇಲ್ಲ, ಕೇಬಲ್ಲೂ ಇಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯವನು ಅದಕ್ಕೂ ಒಂದು ಪೆಟ್ಟಿಗೆ ತೋರಿಸಿದ. ಮನೆಯ ಕೇಬಲ್ ಬಾಕ್ಸಿನಿಂದ ಇದಕ್ಕೊಂದು ವೈರು, ಇದರಿಂದ ಇಂಟರ್ನೆಟ್ಟಿಗೊಂದು ವೈರು. ಆಮೇಲೆ ನೀವು ಎಲ್ಲಿದ್ದರೂ ಕಂಪ್ಯೂಟರಿನಲ್ಲಿ ಮನೆಯ ಟಿವಿ ನೋಡಬಹುದು. ಕೂತಲ್ಲಿಂದಲೇ ಚಾನೆಲ್ ಬದಲಿಸಲೂಬಹುದು. "ಮನೆ ಟಿವಿಯಲ್ಲಿ ಏನು ಬರುತ್ತೋ ಅದೇ ನಿಮ್ಮ ಕಂಪ್ಯೂಟರಲ್ಲಿ ಬರುತ್ತೆ ಸಾರ್" ಎಂದು ಅವನು ಸ್ಪಷ್ಟವಾಗಿಯೇ ಹೇಳಿದ. ಆ ಮಾತಿನ ಹತ್ತಿರ ನಾನು ಕೊಂಚ ನಿಂತು ಯೋಚಿಸಬೇಕಿತ್ತು. ನಾನು ಚೀಲ ಕೇಳಿದೆ.

ಭಾನುವಾರ ಹೆಂಗಸರಿಬ್ಬರೂ ಹೊರಗೆ ಹೋದಾಗ ಪೆಟ್ಟಿಗೆಯನ್ನು ಟಿವಿಯ ಹಿಂದೆ ಅಡಗಿಸಿ ಜೋಡಿಸಿದೆ. ಹಾಲಿನಲ್ಲಿ ಟಿವಿ ಆರಿತ್ತು. ಮಲಗುವ ಕೋಣೆಯ ಕಂಪ್ಯೂಟರಿನಲ್ಲಿ ಚಾನೆಲ್ಲುಗಳು ನನ್ನ ಬೆರಳಿನ ಆಜ್ಞೆಯಂತೆ ಕುಣಿದವು. ಪ್ರಯೋಗ ಯಶಸ್ವಿ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಂಗಳವಾರ ಬಂತು. ಸಾಹೇಬರ ಕೋಣೆಯಲ್ಲಿ, ದೊಡ್ಡ ಪರದೆಯ ಕಂಪ್ಯೂಟರಿನ ಮುಂದೆ ಆಫೀಸಿಗೆ ಆಫೀಸೇ ಕುರ್ಚಿ ಎಳೆದುಕೊಂಡು ಕೂತಿತು. ಇಷ್ಟು ವರ್ಷ ನನ್ನನ್ನು "ರೀ ಇವರೇ" ಎಂದು ಕರೆದ ಸಾಹೇಬರು ಇವತ್ತು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಸುಳ್ಳೇಕೆ, ಒಂದು ಸಲ, ಒಂದೇ ಒಂದು ಸಲ ಇವರೆಲ್ಲ ನನ್ನ ಮಾತನ್ನು ಪೂರ್ತಿ ಕೇಳಬೇಕು ಎಂಬುದಷ್ಟೇ ನನ್ನ ಆಸೆ.

ಪರದೆಯ ಮೇಲೆ ನಾಯಕಿ ಕಾಣಿಸಿದಳು. ನಾನು ಗತ್ತಿನಿಂದ ನಮ್ಮ ಚಾನೆಲ್ಲಿನ ನಂಬರು ಒತ್ತಿದೆ. ನೀಲಿ ಕೋಟಿನಲ್ಲಿ ನಾನು ಪ್ರತ್ಯಕ್ಷನಾದೆ. ಚಪ್ಪಾಳೆ!

"ನಮಸ್ಕಾರ. ಲಿಫ್ಟು ನಿಂತಾಗ ಮೊದಲನೆಯದಾಗಿ..."

ಫಕ್ಕನೆ ನಾಯಕಿ ಬಂದಳು. ಮತ್ತೆ ಒತ್ತಿದೆ.

"...ಗಾಬರಿಯಾಗಬಾರದು. ಎರಡನೆಯದಾಗಿ..."

"ನೀವು... ನೀವು ಯಾರು?" ಎಂದಳು ನಾಯಕಿ, ಮಾಲಿಯ ಕಡೆ ತಿರುಗಿ. ನಾನು ಪಟಪಟನೆ ನಾಲ್ಕೈದು ಸಲ ಒತ್ತಿದೆ.

"...ಗುಂಡಿಗಳನ್ನು ಮತ್ತೆ ಮತ್ತೆ ಒತ್ತಬೇಡಿ" ಎಂದೆ ನಾನು, ಪರದೆಯ ಮೇಲಿನಿಂದ, ಬೆರಳೆತ್ತಿ. "ಹಾಗೆ ಒತ್ತುವುದು ಅವಿವೇಕಿಗಳ ಲಕ್ಷಣ!"

ಕೋಣೆಯಲ್ಲಿ ನಗು ಎದ್ದಿತು. ನಗು ಇಳಿಯುವ ಮೊದಲೇ ನಾಯಕಿ ಮರಳಿ ಬಂದಳು.

"ಸಾರ್, ಒಂದು ನಿಮಿಷ ಈ ಕಡೆನೇ ಬಿಡಿ ಸಾರ್" ಎಂದು ಟೈಪಿಸ್ಟ್ ಮೇಡಂ ಅಂಗಲಾಚಿದರು. "ಅವಳಿಗೆ ನೆನಪು ಬರ್ತಾ ಇದೆ."

"ಹೌದ್ರೀ, ಪಾಪ ಆ ಮಾಲಿ ಗತಿ ಏನಾಯ್ತು ನೋಡೋಣ" ಎಂದರು ಸಾಹೇಬರೂ. ನನ್ನ ಕಾರ್ಯಕ್ರಮಕ್ಕೆ ಬಂದು, ನನ್ನ ಮನೆಯ ಟಿವಿ ನೋಡುತ್ತಾ, ನನ್ನೆದುರಿಗೇ ಮಾಲಿಯ ಪಕ್ಷ ಸೇರಿದ ದ್ರೋಹಿಗಳು!

ಅಷ್ಟರಲ್ಲಿ ಫೋನು. ಹೆಂಡತಿ. "ರೀ, ಟಿವಿಗೆ ಏನೋ ಮೆಟ್ಕೊಂಡಿದೆ! ತಾನಾಗೇ ಚಾನೆಲ್ ಬದಲಾಗ್ತಿದೆ. ಅಮ್ಮ ರಿಮೋಟ್ ಒತ್ತಿ ಒತ್ತಿ ಬೆರಳು ನೋಯಿಸ್ಕೊಂಡಿದಾರೆ."

ಆಗ ನನಗೆ ಜ್ಞಾನೋದಯವಾಯಿತು. ಮನೆಯಲ್ಲಿರುವುದು ಒಂದೇ ಕೇಬಲ್ ಬಾಕ್ಸು. ಅದು ಒಂದು ಹೊತ್ತಿಗೆ ಒಂದೇ ಚಾನೆಲ್ ತೋರಿಸುತ್ತದೆ. ಇಲ್ಲಿ ನಾನು ಬದಲಿಸಿದರೆ ಅಲ್ಲೂ ಬದಲಾಗುತ್ತದೆ, ಅಲ್ಲಿ ಅವರು ಬದಲಿಸಿದರೆ ಇಲ್ಲೂ. ಅಂದರೆ ಇಷ್ಟು ಹೊತ್ತು ಆರು ಕಿಲೋಮೀಟರ್ ದೂರದಿಂದ ನಾನು ನನ್ನ ಅತ್ತೆಯೊಂದಿಗೆ ಕುಸ್ತಿಗೆ ಬಿದ್ದಿದ್ದೆ. ಇದನ್ನು ಸಾಹೇಬರ ಮುಂದೆ ಒಪ್ಪಿಕೊಳ್ಳಲೇ? ಪ್ರಾಣ ಹೋದರೂ ಇಲ್ಲ.

"ಟಿವಿ ಕೆಟ್ಟಿದೆ. ತಕ್ಷಣ ಆರಿಸಿಬಿಡು" ಎಂದೆ ದನಿ ತಗ್ಗಿಸಿ.

"ಅವಳು ಗುರುತು ಹಿಡಿಯೋ ಹೊತ್ತಲ್ವಾ?"

"ಶಾರ್ಟ್ ಸರ್ಕ್ಯೂಟ್ ಆಗಿ ಮನೆ ಹೊತ್ಕೊಂಡು ಉರಿಯುತ್ತೆ! ಆರಿಸು ಅಂದ್ರೆ ಆರಿಸು!"

ಅವಳು ಫೋನಿಟ್ಟಳು. ಅಖಾಡ ಇನ್ನು ನನ್ನೊಬ್ಬನದೇ. ಗೆದ್ದವನ ಠೀವಿಯಲ್ಲಿ ಗುಂಡಿ ಒತ್ತಿದೆ. "ಮೂರನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ವಿಷಯವೇನೆಂದರೆ..." ಎಂದು ನಾನು ಗಂಭೀರವಾಗಿ ಬಾಯಿ ತೆರೆದೆ. ಪರದೆ ಕಪ್ಪಾಯಿತು. 'ಮನೆಯ ಪೆಟ್ಟಿಗೆಯೊಂದಿಗೆ ಸಂಪರ್ಕ ಕಡಿದುಹೋಗಿದೆ' ಎಂಬ ಅಕ್ಷರಗಳು ಮೂಡಿದವು.

ಓದುಗರೇ, ಮದುವೆಯಾದಾಗಿನಿಂದ ನಾನು ಅವಳಿಗೆ ಸುರಕ್ಷತೆಯ ಪಾಠ ಹೇಳುತ್ತಿದ್ದೇನೆ: ಆರಿಸುವುದೆಂದರೆ ರಿಮೋಟಿನಲ್ಲಿ ಅಲ್ಲ, ಗೋಡೆಯ ಸ್ವಿಚ್ಚನ್ನೇ ಆರಿಸಬೇಕು. ಹದಿನೆಂಟು ವರ್ಷ ಆ ಪಾಠ ಅವಳ ಕಿವಿಗೇ ಬಿದ್ದಿರಲಿಲ್ಲ. ಬಿದ್ದದ್ದು ಇವತ್ತು! ಟಿವಿ, ಕೇಬಲ್ ಬಾಕ್ಸು, ನನ್ನ ಹೊಸ ಪೆಟ್ಟಿಗೆ ಮೂರೂ ಇದ್ದದ್ದು ಆ ಒಂದೇ ಸ್ವಿಚ್ಚಿನ ಮೇಲೆ.

"ಮೂರನೆಯದು ಏನ್ರೀ?" ಎಂದರು ಸಾಹೇಬರು. ಕೋಪಕ್ಕೋ ಅವಮಾನಕ್ಕೋ, ದೇವರಾಣೆಗೂ ನನಗೆ ನೆನಪಾಗಲಿಲ್ಲ.

"ಅದು ಹೋಗ್ಲಿ ಬಿಡಿ ಸಾರ್, ಕೊನೆಗೂ ಅವಳು ಗುರುತು ಹಿಡಿದ್ಲೋ ಇಲ್ವೋ?" ಎಂದು ಟೈಪಿಸ್ಟ್ ಮೇಡಂ ನನ್ನ ಮೇಲೆ ಹರಿಹಾಯ್ದರು. ಎಲ್ಲರೂ ನನ್ನನ್ನು ಶಪಿಸುತ್ತಾ ಕುರ್ಚಿ ಎತ್ತಿಕೊಂಡು ಹೋದರು.

ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಮಸೆದುಕೊಂಡು ಮನೆಗೆ ಬಂದೆ. ಬಾಗಿಲು ತೆರೆದ ಹೆಂಡತಿಯ ಕಣ್ಣಲ್ಲಿ ಎಂದೂ ಕಾಣದ ಮರುಕ. ಕೈಯಿಂದ ಚೀಲವನ್ನೂ ತಾನೇ ತೆಗೆದುಕೊಂಡಳು.

"ನಿಮಗೆ ಮೋಸ ಮಾಡಿಬಿಟ್ರು ಕಣ್ರೀ" ಎಂದಳು. "ನಿಮ್ಮನ್ನ ಹಾಕ್ತೀವಿ ಅಂತ ಹೇಳಿ ಬೇರೆ ಯಾರನ್ನೋ ಹಾಕಿದ್ರು. ಈಗ ಬರ್ತೀರಿ, ಈಗ ಬರ್ತೀರಿ ಅಂತ ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನೇ ಇದ್ದೆ. ನೀಲಿ ಕೋಟಿನ ಯಾವನೋ ಬಂದ್ ಬಂದ್ ಹೋಗ್ತಿದ್ದ. ನೀವು ಬರಲೇ ಇಲ್ಲ."

ನಾನು ಕನ್ನಡಕ ತೆಗೆದು ಅವಳ ಮುಖಕ್ಕೆ ಮುಖ ಕೊಟ್ಟು ನಿಂತೆ. ಅವಳು ನನ್ನನ್ನೇ ಒಂದು ಗಳಿಗೆ ದಿಟ್ಟಿಸಿದಳು. "ಕಣ್ಣು ನೋಯ್ತಿದೆಯಾ?" ಎಂದಳು.

"ಅದಲ್ಲ ಕಣೇ, ಆ ನೀಲಿ ಕೋಟಿನವನು..." ಎಂದು ಶುರುಮಾಡಿದೆ. ಸೋಫಾದಿಂದ ಅತ್ತೆ ಬಾಯಿ ಹಾಕಿದರು.

"ಥೂ, ಅವನ ಮುಖಕ್ಕಿಷ್ಟು! ಅವಳಿಗೆ ನೆನಪು ಬರೋ ಹೊತ್ತಿಗೆ ಸರಿಯಾಗಿ ಬಂದು, ಗುಂಡಿ ಒತ್ತಬೇಡಿ, ಒತ್ತಬೇಡಿ ಅಂತ ನನ್ನನ್ನೇ ಗದರಿಸ್ತಾನೆ. ಅದಕ್ಕೇ ಇನ್ನೂ ಜೋರಾಗಿ ಒತ್ತಿದೆ." ಆಮೇಲೆ ಅವರು ಮಗಳ ಕಡೆ ನೋಡದೆ, ನೇರವಾಗಿ ನನ್ನ ಕಡೆಗೇ ತಿರುಗಿದರು. "ಬೇಜಾರು ಮಾಡ್ಕೋಬೇಡಿ. ಆ ಮೂತಿಗಿಂತ ನೀವೇ ಎಷ್ಟೋ ವಾಸಿ. ನಿಮ್ಮನ್ನೇ ಹಾಕಿದ್ದಿದ್ರೆ ನಾನೂ ಕೂತು ನೋಡ್ತಿದ್ದೆ."

ಹದಿನೆಂಟು ವರ್ಷಗಳಲ್ಲಿ ಅತ್ತೆ ನನ್ನೊಂದಿಗೆ ನೇರವಾಗಿ ಮಾತಾಡಿದ್ದು ಅದೇ ಮೊದಲು, ಹೊಗಳಿದ್ದೂ ಅದೇ ಮೊದಲು. ನಾನು ಬಾಯಿ ತೆರೆದೆ, ಮುಚ್ಚಿದೆ, ಕನ್ನಡಕ ಹಾಕಿಕೊಂಡೆ.

"ಅವನನ್ನ ನಾನೂ ಬಲ್ಲೆ ಬಿಡಿ ಅತ್ತೆ" ಎಂದೆ. "ಶುದ್ಧ ದಡ್ಡ."