ಜಾರುವ ದಾರಿಗೆ ಒಂದು ಮೂಟೆ ಉಪ್ಪು

ಮನುಷ್ಯನಿಗೆ ಏನಾದರೊಂದು ಜಂಬ ಇರಬೇಕು. ಕೆಲವರಿಗೆ ಮೀಸೆಯ ಜಂಬ, ಕೆಲವರಿಗೆ ಮನೆತನದ್ದು. ನನ್ನ ಮೀಸೆ ಸರಿಯಾಗಿ ಬೆಳೆಯಲಿಲ್ಲ. ಮನೆತನದ ಬಗ್ಗೆ ಹೇಳಿಕೊಳ್ಳಲು ಹೊರಟರೆ ತಿದ್ದುವವರು ಊರಿನಲ್ಲಿ ಇನ್ನೂ ಬದುಕಿದ್ದಾರೆ. ಹಾಗಾಗಿ ನಾನು ಗೇಟಿನಿಂದ ಸಿಟೌಟಿನವರೆಗಿನ ದಾರಿಯ ಬಗ್ಗೆ ಜಂಬಪಟ್ಟೆ. ದುಬಾಯಿಯಲ್ಲಿ ಕೆಲಸಕ್ಕಿದ್ದಾಗ ಒಂದು ಹೋಟೆಲಿನ ಮುಂದೆ ಮುಖ ಕಾಣುವಂಥ ಟೈಲ್ಸ್ ನೋಡಿದ್ದೆ. ನರಿಮೊಗರಿನ ಗುಡ್ಡದ ಬದಿಯಲ್ಲಿ ಮನೆ ಕಟ್ಟಿಸುವಾಗ ಅಂಥದ್ದನ್ನೇ ಹುಡುಕಿ ಹಾಕಿಸಿದೆ. ಆ ಹೋಟೆಲಿನ ಮುಂದೆ ಇಳಿಜಾರು ಇರಲಿಲ್ಲ, ದುಬಾಯಿಯಲ್ಲಿ ನಮ್ಮ ಆಟಿ ತಿಂಗಳ ಮಳೆಯೂ ಇಲ್ಲ ಎಂಬುದು ಮೇಸ್ತ್ರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಟೈಲ್ಸ್ ಮಾತ್ರ ಹೊಳೆಯಿತು.

ಮೊದಲ ಮಳೆಗಾಲದಲ್ಲೇ ಅದರ ಮೇಲೆ ಪಾಚಿ ಹಿಡಿಯಿತು. ಮೀನಿನವನು ಗೇಟಿನಲ್ಲೇ ನಿಂತು ಹಾರ್ನ್ ಹೊಡೆಯತೊಡಗಿದ. ಗ್ಯಾಸಿನವನು ಸಿಲಿಂಡರನ್ನು ಕೆಳಗೇ ಇಳಿಸಿ, "ಮೇಲೆ ತರ್ಲಿಕ್ಕೆ ನನ್ನಿಂದ ಆಗುದಿಲ್ಲ ಹಮೀದಾಕ, ನನಗೆ ಸಣ್ಣ ಮಕ್ಕಳುಂಟು" ಎಂದ. ಇದನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ಈ ವರ್ಷ ನನ್ನ ಹೆಂಡತಿ ಝೊಹರಾಳ ತಾಯಿಗೆ, ಅಂದರೆ ಮಾಮಿಗೆ, ಮಂಗಳೂರಿನಲ್ಲಿ ಮಂಡಿಯ ಆಪರೇಷನ್ ಆಯಿತು. ಆಸ್ಪತ್ರೆಯಿಂದ ನೇರ ನಮ್ಮಲ್ಲಿಗೇ ಬರಬೇಕೆಂದು ಝೊಹರಾಳ ಆಸೆ. ನಮ್ಮ ದಾರಿ ಹತ್ತಲಾಗದಿದ್ದರೆ ಸುಳ್ಯದಲ್ಲಿರುವ ಕಿರಿಮಗಳ ಮನೆಗೆ. ಅಲ್ಲಿ ನನ್ನ ಷಡ್ಡಕ ಅಂಗಳಕ್ಕೆ ಒರಟು ಇಂಟರ್‌ಲಾಕ್ ಹಾಕಿಸಿದ್ದಾನೆ. ಅದನ್ನು ನೋಡಿ, "ಎಂತ ಮಾರಾಯ, ಬಸ್‌ಸ್ಟ್ಯಾಂಡಿನ ಹಾಗೆ ಉಂಟಲ್ಲ" ಎಂದು ನಕ್ಕವನು ನಾನೇ. "ದೊಡ್ಡ ಮಗಳ ಮನೆ ಇರುವಾಗ ಉಮ್ಮ ಸುಳ್ಯಕ್ಕೆ ಹೋದರೆ ನಾನು ಮುಖ ತೋರಿಸುದು ಹೇಗೆ?" ಎಂದು ಝೊಹರಾ ಅತ್ತಳು. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅತ್ತದ್ದು ನೋಡಿ ನಿಜವಾಗಿಯೂ ಸಂಕಟವಾಯಿತು.

ಬ್ಲೀಚಿಂಗ್ ಪುಡಿ ಹಾಕಲು ಎಲ್ಲರೂ ಹೇಳಿದರು. ಹೊಳಪು ಹೋದೀತೆಂದು ನಾನು ಒಪ್ಪಲಿಲ್ಲ. ಅಷ್ಟರಲ್ಲಿ ಕೆನಡಾದಲ್ಲಿರುವ ಝೊಹರಾಳ ತಮ್ಮ ವೀಡಿಯೊ ಕಾಲಿನಲ್ಲಿ, "ಇಲ್ಲಿ ಐಸ್ ಕಟ್ಟಿದರೆ ದಾರಿಗೆ ಉಪ್ಪು ಹಾಕುದು ಬಾವ, ಮತ್ತೆ ಜಾರುದೇ ಇಲ್ಲ" ಎಂದ. ಪರದೇಶದ ಸಲಹೆ ಎಂದರೆ ನನಗೆ ಮೊದಲಿನಿಂದಲೂ ಗೌರವ. ಐಸಿಗೂ ಪಾಚಿಗೂ ವ್ಯತ್ಯಾಸ ಇಲ್ಲವೇ ಎಂದು ಕೇಳುವ ಸಣ್ಣತನ ತೋರಿಸಲಿಲ್ಲ. ದಾರಿ ತುಂಬ ಪ್ಯಾಕೆಟ್ ಉಪ್ಪು ಸುರಿಯುವಷ್ಟು ದುಡ್ಡು ನನ್ನಲ್ಲಿಲ್ಲ. ಪುತ್ತೂರು ಪೇಟೆಯಿಡೀ ಅಲೆದು, ಕೊನೆಗೆ ಗೊಬ್ಬರದ ಅಂಗಡಿಯಲ್ಲಿ ತೆಂಗಿನ ಬುಡಕ್ಕೆ ಹಾಕುವ ಅಗ್ಗದ ಕಲ್ಲುಪ್ಪು ಕಂಡೆ.

"ತೆಂಗು ಎಷ್ಟುಂಟು?" ಎಂದು ಅಂಗಡಿಯವರು ಕೇಳಿದರು.

"ತೆಂಗಿಗಲ್ಲ, ದಾರಿಗೆ."

ಅವರು ಬಿಲ್ಲು ಬರೆಯುವುದನ್ನು ನಿಲ್ಲಿಸಿ, "ಮನೆಯಲ್ಲಿ ಹೇಳಿ ಬಂದಿದ್ದೀರಲ್ಲ?" ಎಂದರು.

ಮಾಮಿ ಬರುವ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಅವರನ್ನು ಕರೆತರಲು ಝೊಹರಾ ಹೋಗಿದ್ದಳು. ಇಡೀ ಮೂಟೆ ಉಪ್ಪನ್ನು ಹರಡಿದೆ. ನೋಡಲು ಕೆನಡಾವೇ. ಫೋಟೊ ತೆಗೆದು ಷಡ್ಡಕನಿಗೂ ಕಳಿಸಿದೆ. ಚಾ ಕುಡಿದು ಬರುವಷ್ಟರಲ್ಲಿ ನೆರೆಮನೆಯ ಸೋಮಪ್ಪಣ್ಣನ ದನಗಳು ಸಾಲಾಗಿ ನಿಂತು ಟೈಲ್ಸ್ ನೆಕ್ಕುತ್ತಿದ್ದವು. ಗೇಟು ಹಾಕಲು ಮರೆತಿದ್ದೆ. ಸೋಮಪ್ಪಣ್ಣನನ್ನು ಕೂಗಿದರೆ ಅವರು ಬೇಲಿಯ ಆಚೆಯಿಂದ, "ಇರಲಿ ಹಮೀದಾಕ, ಉಪ್ಪು ಅವಕ್ಕೆ ಒಳ್ಳೆದು" ಎಂದು ನನಗೇ ಸಮಾಧಾನ ಹೇಳಿದರು. ದನಗಳು ಹೋಗುವಾಗ ಉಪ್ಪಿನ ಋಣಕ್ಕೆ ಸಗಣಿ ಹಾಕಿ ಹೋದವು.

ನಾನು ಮೇಲಿನಿಂದ ಸಗಣಿ ತೊಳೆಯುತ್ತಿರುವಾಗ ಗೇಟಿನಲ್ಲಿ ಕಾರು ನಿಂತಿತು. ಮಾಮಿ ವಾಕರ್ ಹಿಡಿದು ಇಳಿದು, "ಇದೆಂತ ಬಿಳಿ ಬಿಳಿ?" ಎಂದರು.

"ಉಪ್ಪು ಮಾಮಿ. ನೀವು ಜಾರಬಾರದು ಅಂತ."

"ಅನ್ನಕ್ಕೆ ಹಾಕುವ ಉಪ್ಪನ್ನು ತುಳಿಯುದಾ? ನಾನು ಕಾಲಿಡುದಿಲ್ಲ. ಗಾಡಿ ಸುಳ್ಯಕ್ಕೆ ಹೋಗಲಿ."

ಚೆಲ್ಲಿದ ಉಪ್ಪನ್ನು ತುಳಿಯಬಾರದೆಂದು ನನ್ನ ಉಮ್ಮನೂ ಬೈದು ಬೈದು ಕಲಿಸಿದ್ದರು. ಕೆನಡಾದ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ಝೊಹರಾಳ ಕಣ್ಣು ತುಂಬಿತು. "ಒಂದು ನಿಮಿಷ, ಈಗ ಗುಡಿಸ್ತೇನೆ" ಎಂದು ಹಿಡಿಸೂಡಿ ಎತ್ತಿಕೊಂಡೆ. ಒಂದು ಬೀಸಿಗೇ ಕಾಲು ಹಾರಿತು. ಕುಳಿತ ಭಂಗಿಯಲ್ಲೇ ಇಡೀ ದಾರಿಯನ್ನು ಲುಂಗಿಯಿಂದ ಗುಡಿಸುತ್ತಾ ಇಳಿದು ಮಾಮಿಯ ವಾಕರಿಗೆ ತಾಗಿ ನಿಂತೆ. ಏಳಲು ಆಗಲಿಲ್ಲ.

ಮಾಮಿ ನನ್ನನ್ನೂ ಕಾರನ್ನೂ ನೋಡಿದರು. "ಇವರನ್ನು ಹೀಗೆ ಬಿಟ್ಟು ಸುಳ್ಯಕ್ಕೆ ಹೋಗುದು ಹೇಗೆ?" ಎಂದರು. ಓಡಿ ಬಂದ ಸೋಮಪ್ಪಣ್ಣ, ತಮ್ಮ ಅಂಗಳ ನಮ್ಮ ಅಡುಗೆಮನೆಗೆ ಸಮತಟ್ಟಾಗಿರುವುದನ್ನು ತೋರಿಸಿ ಬೇಲಿ ಬಿಚ್ಚಿದರು. "ಕೇಳಿದ್ದರೆ ನಿನ್ನೆಯೇ ಬಿಚ್ಚಿ ಕೊಡ್ತಿದ್ದೆ ಮಾರಾಯ್ರೆ" ಎಂದರು. ಕಾರು ಅವರ ಅಂಗಳದವರೆಗೆ ಹೋಯಿತು, ಮಾಮಿ ಅಲ್ಲಿಂದ ಆರಾಮವಾಗಿ ನಡೆದು ಒಳಗೆ ಹೋದರು. ಅವರ ಹಿಂದೆ ಸೋಮಪ್ಪಣ್ಣನೂ ಕಾರಿನ ಡ್ರೈವರೂ ನನ್ನನ್ನು ಹೊತ್ತು ತಂದರು.

ಝೊಹರಾ ಈಗ ಖುಷಿಯಲ್ಲಿದ್ದಾಳೆ. ಷಡ್ಡಕ ಕರೆಯಲು ಬಂದಾಗ ಮಾಮಿ, "ಅಳಿಯ ಎದ್ದು ಓಡಾಡುವವರೆಗೆ ನಾನು ಎಲ್ಲಿಗೂ ಬರುದಿಲ್ಲ" ಎಂದುಬಿಟ್ಟರು. ಅವರ ಮಂಡಿ ದಿನದಿಂದ ದಿನಕ್ಕೆ ಸರಿಯಾಗುತ್ತಿದೆ, ನನ್ನ ಸೊಂಟದ ಪೆಟ್ಟು ಇದ್ದಲ್ಲೇ ಇದೆ. ನಿನ್ನೆ ತಮ್ಮ ವಾಕರನ್ನು ನನ್ನ ಮಂಚದ ಪಕ್ಕಕ್ಕೆ ತಂದಿಟ್ಟು, "ನನಗೆ ಇನ್ನು ಇದು ಬೇಡ, ನೀವು ಹಿಡ್ಕೊಳ್ಳಿ" ಎಂದರು. ಹಿಡಿದುಕೊಂಡೆ. ನನ್ನ ಎತ್ತರಕ್ಕೆ ಅದು ತೀರಾ ಗಿಡ್ಡ. ಹಾಗಾಗಿ ಮಾಮಿಯ ಮುಂದೆ ಸದಾ ತಲೆತಗ್ಗಿಸಿಯೇ ನಡೆಯುತ್ತೇನೆ. ನೋಡಿದವರು, ಎಷ್ಟು ಒಳ್ಳೆಯ ಅಳಿಯ ಎನ್ನುತ್ತಾರೆ.