ಕರಡಿಗೆ ನಾನು ಬಡಿಸಿದ ಗಂಜಿ

ಪುತ್ತೂರಿನ ಆ ಸಭಾಂಗಣದಲ್ಲಿ ಅವತ್ತು ಯಾರ್‍ಯಾರಿದ್ದರು ಎಂದು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಸಾಕ್ಷಿಗೆ ಬೇಕಾಗುತ್ತದೆ. ಚಿತ್ರಪ್ರದರ್ಶನ ಏರ್ಪಡಿಸಿದ ಡ್ರಾಯಿಂಗ್ ಮಾಸ್ಟ್ರು ಪ್ರಭಾಕರ, ಕಾಣಿಯೂರಿನಲ್ಲಿ ಅಂಗಡಿ ಬೋರ್ಡು ಬರೆಯುವ ನನ್ನ ಹಳೆಯ ಶಿಷ್ಯ ಉಮೇಶ, ಅವನ ಹೆಂಡತಿ, ನೋಡಲು ಬಂದ ಜನ, ಗೋಡೆ ತುಂಬ ಕರಡಿಗಳು. ಮತ್ತೆ ದೀಪ ಹಚ್ಚಲು ಬಂದ ಮುಖ್ಯ ಅತಿಥಿ. ಅಂದರೆ ನಾನು, ನಿವೃತ್ತ ಟೀಚರ್, ಆ ಸಭೆಯಲ್ಲಿದ್ದ ಒಬ್ಬಳೇ ಅಪರಾಧಿ.

ಕರಡಿಗಳೆಲ್ಲ ‘ಕರಡಿಗೊಂದು ಕೊಡೆ’ ಎಂಬ ಚಿತ್ರಪುಸ್ತಕದವು. ನಮ್ಮ ಕಡೆ ಒಂದು ಕಾಲದ ಮಕ್ಕಳು ಅದನ್ನು ನೋಡಿಯೇ ಬೆಳೆದವರು. ಕರಡಿಗೆ ದಾರಿಯಲ್ಲಿ ಒಂದು ಕೊಡೆ ಸಿಗುತ್ತದೆ. ಮೊಲ, ನವಿಲು, ಹಂದಿ ಎಲ್ಲ ಅದರಡಿಗೆ ನುಗ್ಗಿ ಕಡೆಗೆ ಕರಡಿಯೇ ಹೊರಗೆ ನೆನೆಯುತ್ತದೆ. ಆ ಪುಸ್ತಕದ ಗೌರವಕ್ಕೆ ಸುಳ್ಯ, ಕಡಬ, ಪುತ್ತೂರಿನ ಚಿತ್ರಕಾರರು ತಮಗಿಷ್ಟವಾದ ಒಂದೊಂದು ಪುಟವನ್ನು ಹೊಸದಾಗಿ ಬಿಡಿಸಿದ್ದರು.

ಉಮೇಶ ಬಿಡಿಸಿದ್ದು ಕೊನೆಯ ಪುಟ. ಕರಡಿ ಶಾಲೆಗೆ ಬಂದು, ಕೊಡೆಯನ್ನು ಕಿಟಕಿಗೆ ನೇತುಹಾಕಿ, ಹಿಂದಿನ ಬೆಂಚಿನಲ್ಲಿ ಕೂತು ಗಂಜಿ ಉಣ್ಣುತ್ತಿದೆ. ಪಕ್ಕದಲ್ಲಿ ಕೆಂಪಗೆ ಒಣಸಿಗಡಿ ಚಟ್ನಿ.

“ಇದೆಂತ ಮಾರಾಯ?” ಎಂದ ಪ್ರಭಾಕರ. “ಕೊನೆಗೆ ಕರಡಿ ಕೊಡೆಯನ್ನು ಅದನ್ನು ಕಳಕೊಂಡ ಅಜ್ಜಿಗೆ ವಾಪಸು ಕೊಡುದಲ್ವಾ? ನೀನು ಪುಸ್ತಕ ಓದಿದ್ದೀಯಾ, ಬೋರ್ಡು ಮಾತ್ರ ಓದುದಾ?”

“ಯಾವ ಅಜ್ಜಿ? ನಮ್ಮ ಟೀಚರ್ ಓದಿ ಹೇಳಿದ್ದೇ ಹೀಗೆ. ಅಲ್ಲೇ ಇದ್ದಾರಲ್ಲ, ಕೇಳಿ.”

“ಪುಸ್ತಕದಲ್ಲಿ ಇಲ್ಲದ್ದನ್ನು ಇಲ್ಲಿ ಹಾಕ್ಲಿಕ್ಕಾಗುದಿಲ್ಲ. ಇಳಿಸುವ.”

ಅದು ಉಮೇಶನ ಮೊದಲ ಪ್ರದರ್ಶನ. ಹೆಂಡತಿ ಆ ಚಿತ್ರದ ಪಕ್ಕ ನಿಂತು ಫೋಟೋಕ್ಕೆಂದು ಸೆರಗು ಸರಿ ಮಾಡಿಕೊಳ್ಳುತ್ತಿದ್ದವಳು ಹಾಗೆಯೇ ನಿಂತಳು. ಎಲ್ಲರೂ ನನ್ನತ್ತ ತಿರುಗಿದರು. ಗೋಡೆಯ ಕರಡಿಗಳೂ ತಿರುಗಿದ ಹಾಗಾಯಿತು.

ನಡೆದದ್ದು ಇಷ್ಟು. ಐವರ್ನಾಡಿನ ಕಡೆ ಒಂದು ಸಣ್ಣ ಶಾಲೆಯಲ್ಲಿ ನಾನಿದ್ದೆ. ಮಳೆ ಹಿಡಿಯುವ ಮೊದಲು ಒಣಮೀನು ಕಟ್ಟಿಡುವುದು ನಮ್ಮ ಕಡೆಯ ಧರ್ಮ. ಜಡಿಮಳೆಯ ಆಟಿ ತಿಂಗಳಲ್ಲಿ ಗಂಜಿಗೆ ಬೇರೆ ಯಾರು ದಿಕ್ಕು? ಒಂದು ಸಂಜೆ ಕಡೆಯ ಬಸ್ಸು ಹಾರ್ನ್ ಹೊಡೆಯುತ್ತಿದೆ, ನನ್ನ ಒಣಸಿಗಡಿ ಕಟ್ಟಿಕೊಡಲು ಮೀನಿನವಳಲ್ಲಿ ಕಾಗದ ಮುಗಿದಿದೆ, ನನ್ನ ಚೀಲದಲ್ಲಿ ನಾನಿನ್ನೂ ಕೊನೆತನಕ ಓದದ ಆ ಪುಸ್ತಕ ಉಂಟು. ಗಟ್ಟಿ ಕಾಗದ. ನೋಡದೆ ಕೊನೆಯ ಹಾಳೆ ಹರಿದು ಕೊಟ್ಟೆ. ಬೆಳಿಗ್ಗೆ ಮಕ್ಕಳು “ಮತ್ತೆಂತ ಆಯ್ತು ಟೀಚರೇ?” ಎಂದಾಗ ನನಗೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಓದಿದ ಹಾಗೆ ಹೇಳಿದೆ. ಬಾಯಿಯಲ್ಲಿ ಹಿಂದಿನ ರಾತ್ರಿಯ ಚಟ್ನಿಯ ರುಚಿಯೇ ಇತ್ತು. ಆಮೇಲೆ ಪ್ರತಿ ವರ್ಷವೂ ಅದನ್ನೇ ಹೇಳಿದೆ.

ಸತ್ಯ ಹೇಳಬಹುದಿತ್ತು. “ಹಳೇ ಮುದ್ರಣದಲ್ಲಿ ಹಾಗಿತ್ತು” ಎಂದೆ.

ಪ್ರಭಾಕರನ ಮುಖ ದೀಪಕ್ಕಿಂತ ಮೊದಲೇ ಹತ್ತಿಕೊಂಡಿತು. “ಹಳೇ ಮುದ್ರಣವಾ! ಟೀಚರೇ, ಅದು ಸಿಕ್ಕಿದರೆ ಗಾಜಿನ ಪೆಟ್ಟಿಗೆಯಲ್ಲಿಡುವ. ಎಲ್ಲುಂಟು?”

ಗಾಜಿನ ಪೆಟ್ಟಿಗೆ ಎಂದದ್ದೇ ನನ್ನ ಧೈರ್ಯ ಕರಗಿತು. ಬಸ್ಸು, ಮೀನಿನವಳು, ಸಿಗಡಿ, ಎಲ್ಲ ಒದರಿಬಿಟ್ಟೆ. ಸಭೆ ಬಿದ್ದು ಬಿದ್ದು ನಕ್ಕಿತು. ಉಮೇಶ ಮಾತ್ರ ನಗಲಿಲ್ಲ.

“ಹಾಗಾದ್ರೆ ಕರಡಿ ಶಾಲೆಗೆ ಬರ್ಲೇ ಇಲ್ವಾ ಟೀಚರೇ? ನಾನು ಇಡೀ ವರ್ಷ ಬೆಂಚಿನಲ್ಲಿ ಅದಕ್ಕೆ ಜಾಗ ಬಿಟ್ಟು ಕೂತದ್ದು.”

ನನ್ನ ಮಾತು ಮುಗಿದದ್ದೇ ಚಿತ್ರ ಇಳಿಸಲು ಸ್ಟೂಲು ಹತ್ತಿದ್ದ ಪ್ರಭಾಕರ ಉಮೇಶನತ್ತ ತಿರುಗಿ ನೋಡಿದ. ಆಮೇಲೆ ಚಿತ್ರವನ್ನು ನೆಟ್ಟಗೆ ಮಾಡಿ ಇಳಿದ. “ಕೂತದ್ದು ಕೂತಿತು. ಉಣ್ಣುವವರನ್ನು ಎಬ್ಬಿಸ್ಲಿಕ್ಕಿಲ್ಲ” ಎಂದ. ಉಮೇಶನ ಹೆಂಡತಿ ಪುನಃ ಸೆರಗಿಗೆ ಕೈ ಹಾಕಿದಳು. ನಾನು ದೀಪ ಹಚ್ಚಿದೆ.

ಮುಂದಿನ ವಾರ ಉಮೇಶ ಮನೆಗೆ ಬಂದ. “ಮಳೆ ಹತ್ತಿರ ಬಂತಲ್ಲ ಟೀಚರೇ” ಎಂದು ಒಂದು ಪೊಟ್ಟಣ ಕೊಟ್ಟು ಹೋದ. ಬಿಚ್ಚಿದೆ, ಒಣಸಿಗಡಿ. ಕಟ್ಟಿದ್ದ ಕಾಗದ ಪ್ರದರ್ಶನದ ಆಮಂತ್ರಣ. ಮುಖ್ಯ ಅತಿಥಿಯ ಹೆಸರಿನ ಮೇಲೆಯೇ ಒಂದು ಸಿಗಡಿ ಮಲಗಿತ್ತು.